ಅವ್ವನ ತಕರಾರು ಕೇಳುವವನು

ಕರ ಕೇಳಲು ಬರುವವನ ದಾರಿ ಕಾದವರು ಈ ಲೋಕದಲ್ಲಿ ಯಾರಾದರೂ ಇದ್ದರೆ, ಅದು ನಮ್ಮವ್ವ ಒಬ್ಬಳೇ ಇರಬೇಕು.

ವಾಡಿ ಹತ್ತಿರದ ನಮ್ಮೂರಿನಲ್ಲಿ ಮೊದಲು ಪಂಚಾಯತಿಯ ಬಿಲ್ ಕಲೆಕ್ಟರ್ ಮನೆಮನೆಗೆ ಬರುತ್ತಿದ್ದ. ಅವ್ವ ಅವನನ್ನು ಕಟ್ಟೆಯ ಮೇಲೆ ಕೂರಿಸಿ ಚಹಾ ಕೊಟ್ಟು, ಆಮೇಲೆ ಚೆನ್ನಾಗಿ ಬೈಯುತ್ತಿದ್ದಳು. ನಳದಲ್ಲಿ ನೀರಿಲ್ಲ, ಗಟಾರ ತುಂಬಿದೆ. ಅವನು ತಲೆ ತಗ್ಗಿಸಿ ಎಲ್ಲ ಕೇಳಿಸಿಕೊಂಡು, ಏಳುವ ಮುಂಚೆ, "ಮತ್ತೇನರೆ ತಕರಾರ್ ಅದ ಏನ್ರಿ ಅವ್ವಾರ?" ಅನ್ನುತ್ತಿದ್ದ. ಅವ್ವನ ಹತ್ತಿರ ಮತ್ತೂ ಒಂದು ಇದ್ದೇ ಇರುತ್ತಿತ್ತು. ಅದನ್ನೂ ಹೇಳಿದ ಮೇಲೇ ಸೆರಗಿನ ಗಂಟು ಬಿಚ್ಚುತ್ತಿದ್ದಳು. ಸ್ವಲ್ಪ ದಿನದಲ್ಲೇ ನಳ ರಿಪೇರಿಯಾಗುತ್ತಿತ್ತು. ಪಂಚಾಯತಿ ನಡೆಯುತ್ತಿದ್ದುದೇ ನಮ್ಮ ದುಡ್ಡಿನಿಂದ. ಕೇಳದೆ ಏನು ಮಾಡಿಯಾರು?

ಆಮೇಲೆ ಊರ ಹಿಂದಿನ ಹೊಲಗಳ ಕೆಳಗೆ ಸುಣ್ಣಕಲ್ಲು ಇದೆ ಎಂದು ಗೊತ್ತಾಯಿತು. ಗಣಿ ಬಂತು, ಸಿಮೆಂಟ್ ಕಾರ್ಖಾನೆ ಬಂತು. ಕಾರ್ಖಾನೆಯವರು ಕೊಡುವ ಕರವೇ ಸಾಕು, ಇನ್ನು ಮನೆಗಳಿಂದ ವಸೂಲಿ ಇಲ್ಲ ಎಂದು ಅಧ್ಯಕ್ಷರು ಹೇಳಿದ ದಿನ ಊರಲ್ಲಿ ಪೇಢೆ ಹಂಚಿದರು. ನಾನೂ ಎರಡು ತಿಂದೆ. ಅವ್ವ ಮುಟ್ಟಲಿಲ್ಲ. ಅವಳ ತವರು ಮಳಖೇಡ, ಹಳೆ ಕೋಟೆಯ ಊರು.

"ನಮ್ಮ ಕೋಟ್ಯಾಗಿನ ರಾಜಗ ಕರದ ಜ್ವಾಳ ಬೇಕಿತ್ತು, ಅದಕ್ಕರೆ ಮಂದಿ ಮಾರಿ ನೋಡ್ತಿದ್ದ. ಇವರಿಗಿ ಕಲ್ಲು ಸಿಕ್ಕದ. ಇನ್ನ ನಮ್ಮ ಮಾರಿ ಯಾರು ನೋಡ್ತಾರ?" ಅಂದಳು.

ಪುಕ್ಕಟೆ ಸಿಕ್ಕಿದ್ದಕ್ಕೂ ಗೊಣಗುತ್ತಾಳಲ್ಲ ಎಂದು ನಾವೆಲ್ಲ ನಕ್ಕೆವು.

ನಳ ಮತ್ತೆ ಕೆಟ್ಟಿತು. ಬಿಲ್ ಕಲೆಕ್ಟರ್ ಬರಲಿಲ್ಲ. ಅವ್ವ ತಾನೇ ಪಂಚಾಯತಿಗೆ ಹೋದಳು. ಅಲ್ಲಿ ಹೊಸ ಟೈಲ್ಸ್, ಹೊಸ ಕುರ್ಚಿ. ಅಧ್ಯಕ್ಷರು ಮಾತ್ರ ಕಾರ್ಖಾನೆಯವರ ಮೀಟಿಂಗಿಗೆ ಹೋಗಿದ್ದರು. ಮನೆಯ ಕರ ಕಟ್ಟುತ್ತೇನೆ, ನಳ ಸರಿಮಾಡಿ ಎಂದಳಂತೆ. "ನಿಮ್ಮ ರೊಕ್ಕ ಯಾರಿಗಿ ಬೇಕ್ರಿ, ಸುಮ್ಮ ಮನೀಗಿ ಹೋಗ್ರಿ," ಎಂದು ಗುಮಾಸ್ತ ನಕ್ಕನಂತೆ.

ಓಣಿಯ ಹೆಂಗಸರು ಗಣಿಯವರು ಅಗೆದು ಬಿಟ್ಟಿದ್ದ ಒಂದು ಹೊಂಡದಲ್ಲಿ ನಿಂತ ನೀರು ತರತೊಡಗಿದರು. ಅಲ್ಲಿ ಮೆಟ್ಟಿಲೆಂದರೆ ಕಡಿದ ಕಲ್ಲಿನ ಅಂಚುಗಳೇ. ಒಂದು ಮುಂಜಾನೆ ಅವ್ವ ಕೊಡದ ಸಮೇತ ಜಾರಿ ಬಿದ್ದಳು. ಸೊಂಟ ಮುರಿಯಿತು. ಹಾಸಿಗೆ ಹಿಡಿದವಳು ಮತ್ತೆ ಏಳಲಿಲ್ಲ. ಮಲಗಿದಲ್ಲೇ ಬಾಗಿಲ ಕಡೆ ನೋಡುತ್ತ, "ಅಂವ ಬಂದನೇನ?" ಎಂದು ಕೇಳುತ್ತಿದ್ದಳು. ಬಿಲ್ ಕಲೆಕ್ಟರ್ ಬರುವುದಿಲ್ಲ ಎಂದು ಗೊತ್ತಿದ್ದೂ, ನಾಳೆ ಬರ್ತಾನ, ಅನ್ನುತ್ತಿದ್ದೆ. ಮಳೆಗಾಲ ಮುಗಿಯುವುದರೊಳಗೆ ಹೋದಳು. ಒಂದು ನಳಕ್ಕಾಗಿ ಹೋದಳಲ್ಲ ಎಂಬ ಸಂಕಟ ಇವತ್ತಿಗೂ ಆರಿಲ್ಲ.

ಹೋದ ವರ್ಷ ಗಣಿಯಲ್ಲಿ ಕಲ್ಲು ಮುಗಿದು ಕಾರ್ಖಾನೆಗೆ ಬೀಗ ಬಿತ್ತು. ಪಂಚಾಯತಿಗೆ ಈಗ ಮತ್ತೆ ನಮ್ಮ ನೆನಪಾಗಿದೆ. ಮೊನ್ನೆ ಬಿಲ್ ಕಲೆಕ್ಟರ್ ಬಂದ. ಅದೇ ಮನುಷ್ಯ, ತಲೆ ಪೂರಾ ಬೆಳ್ಳಗಾಗಿದೆ. ಕಟ್ಟೆಯ ಮೇಲೆ ಕುಳಿತ. ಚಹಾ ಕೊಟ್ಟೆ, ಕೇಳಿದಷ್ಟು ಕರವನ್ನೂ ಕೊಟ್ಟೆ. ಏಳುವ ಮುಂಚೆ ಅವನು ಹಳೆಯ ರೂಢಿಯಂತೆ ಒಳಬಾಗಿಲ ಕಡೆ ತಿರುಗಿ, ಸ್ವಲ್ಪ ದನಿಯೇರಿಸಿ ಕೇಳಿದ:

"ಮತ್ತೇನರೆ ತಕರಾರ್ ಅದ ಏನ್ರಿ ಅವ್ವಾರ?"

ಅವ್ವ ಹೋದದ್ದನ್ನು ಅವನಿಗೆ ಯಾರೂ ಹೇಳಿರಲಿಲ್ಲ.