ಎಂಜಿನ್ ಮೇಲಿನ ಖೋಲಿ

ಸಿಂಧನೂರಿನ ನಮ್ಮ ಟ್ರಾವೆಲ್ಸ್ ಅಂಗಡಿಗೆ ಗೊರೇಬಾಳದ ಅಕ್ಕಿ ಮಿಲ್ಲಿನ ಸಾವಕಾರರು ಹೆಂಡತಿಯೊಡನೆ ಬಂದಿದ್ದರು. ಕಾಲುವೆ ನೀರನ್ನಷ್ಟೇ ಕಂಡವರಿಗೆ ಒಮ್ಮೆ ಸಮುದ್ರದ ಮೇಲೆ ತೇಲುವ ಆಸೆ. ನಾನು ಹಡಗಿನ ನಕ್ಷೆ ತೆರೆದು, ಸದ್ದೇ ಬರದ ಕೋಣೆಯೊಂದನ್ನು ತೋರಿಸಿದೆ.

"ಅದು ಬ್ಯಾಡ್ರಿ," ಅಂದರು ಹೆಂಡತಿ. "ನಾವು ಮಿಲ್ಲಿನ ಮ್ಯಾಲೇ ಮಲಗೋರು. ಮಷೀನ್ ನಿಂತ್ರ ನಮಗ ಎಚ್ಚರಾಕೈತಿ. ಎಂಜಿನ್ ಮ್ಯಾಲಿನ ಖೋಲಿ ಕೊಡ್ರಿ."

ಯಾರೂ ಕೇಳದ ಆ ಕೋಣೆಯನ್ನೇ ಅಳುಕುತ್ತ ಬುಕ್ ಮಾಡಿದೆ. ಪ್ರವಾಸ ಮುಗಿಸಿ ಅವರು ಅಂಗಡಿಗೆ ತಿರುಗಿ ಬಂದಾಗ ಇಬ್ಬರ ಕಣ್ಣಲ್ಲೂ ಇನ್ನೂ ಸಿಹಿ ಮಂಪರು.

"ಸಮುದ್ರ ಹೆಂಗಿತ್ರೀ?" ಅಂದೆ.

ಸಾವಕಾರರು ನಾಚಿಕೊಂಡರು. "ಎಂಥಾ ನಿದ್ದಿ ಅಂತೀರಿ! ತೊಟ್ಟಿಲದಾಗ ಹಾಕಿ ತೂಗಿದಂಗಿತ್ತು. ಸಮುದ್ರ ನೋಡಾಕ ಎಚ್ಚರನ ಆಗಲಿಲ್ಲ. ಇನ್ನೊಮ್ಮಿ ಹೊಂಟೀವಿ. ಈ ಸಲ ಆ ಸದ್ದಿಲ್ಲದ ಖೋಲಿನ ಕೊಡ್ರಿ."