ಅರ್ಧಕ್ಕೆ ನಿಂತ ಪ್ರಾರ್ಥನೆ

ಇದನ್ನು ನಾನು ನಮ್ಮ ಇಗರ್ಜಿಯ ಪಾದ್ರಿಗಳ ಹತ್ತಿರವೂ ಪೂರ್ತಿ ಹೇಳಿಲ್ಲ. ಹೇಳಿದರೆ ಕನಸು ಎನ್ನುತ್ತಾರೆ. ಕನಸಾಗಿದ್ದರೆ ಒಳ್ಳೆಯದಿತ್ತು... ಆದರೆ ಆ ರಾತ್ರಿ ನಾನು ರೆಪ್ಪೆ ಮುಚ್ಚಿದ್ದೇ ಇಲ್ಲ.

ಎಪ್ಪತ್ತರ ದಶಕದ ಕೊನೆ. ಕೆಮ್ಮಣ್ಣು ಎಂಬ ಊರಿನ ಹೊಳೆ ಬದಿಯ ಮನೆಯಲ್ಲಿ ಅಮ್ಮ, ನಾನು ಇಬ್ಬರೇ. ನಾನು ಮಣಿಪಾಲದ ಒಂದು ಆಫೀಸಿನಲ್ಲಿ ಟೈಪಿಸ್ಟ್. ಅಣ್ಣ ಸಿಪ್ರಿಯನ್ ಗಲ್ಫಿನಲ್ಲಿ, ಸಾಮಾನು ಸಾಗಿಸುವ ಲಾಂಚಿನಲ್ಲಿ ಕೆಲಸಕ್ಕಿದ್ದ. ಎರಡು ತಿಂಗಳಿಂದ ಅವನ ಕಾಗದವಿರಲಿಲ್ಲ.

ನಮ್ಮಲ್ಲಿ ದಿನಾ ಸಂಜೆ ತೇರ್ಸ್, ಅಂದರೆ ಜಪಮಾಲೆ, ತಪ್ಪುವಂತಿಲ್ಲ. ಒಬ್ಬರು ಪ್ರಾರ್ಥನೆಯ ಮೊದಲರ್ಧ ಹೇಳಬೇಕು, ಉಳಿದವರು ಉಳಿದರ್ಧ ಹೇಳಿ ಮುಗಿಸಬೇಕು. ಕೊನೆಯಲ್ಲಿ, ದೂರ ಇರುವವರ ಹೆಸರಿನಲ್ಲಿ ಒಂದೊಂದು 'ಆಮ್ಚ್ಯಾ ಬಾಪಾ', ಅಂದರೆ 'ನಮ್ಮ ತಂದೆಯೇ' ಎಂಬ ಪ್ರಾರ್ಥನೆ. ಅಣ್ಣನ ಹೆಸರಿನದ್ದು ಮುಗಿದರೆ ಅಮ್ಮನಿಗೆ ಸಮಾಧಾನ.

"ಚಿಂತೆ ಮಾಡಿ ಎಂತ ಸಿಗ್ತದೆ ಜೆಸ್ಸಿ? ದೇವರ ಕೈಗೆ ಕೊಟ್ಟಾಯ್ತಲ್ಲ, ಇನ್ನು ಮಲಗುವ" ಎನ್ನುತ್ತಿದ್ದರು.

ಆ ದಿನ ಅಮ್ಮನಿಗೆ ಜ್ವರ. ಒಳಗೆ ಮಲಗಿಕೊಂಡೇ ಉತ್ತರ ಕೊಡುತ್ತಿದ್ದವರು ನಡುವಿನಲ್ಲೇ ನಿದ್ದೆ ಹೋದರು. ನನಗೆ ಬಸ್ಸಿನಲ್ಲಿ ನಿಂತು ಬಂದ ಸೊಂಟ ನೋವು, ಅದರ ಮೇಲೆ ಅಣ್ಣನ ಮೇಲಿನ ಸಿಟ್ಟು. ಮನೆಗೆ ನಾಲ್ಕು ಸಾಲು ಗೀಚಲು ಪುರುಸೊತ್ತಿಲ್ಲದವನಿಗೆ ನಾನು ಯಾಕೆ ಮೊಣಕಾಲೂರಬೇಕು? ಅವನದ್ದೊಂದನ್ನು ಬಿಟ್ಟು ಎದ್ದುಬಿಟ್ಟೆ.

ಗಂಜಿ ಕುಡಿಸುವಾಗ ಅಮ್ಮ ಕೇಳಿದರು. "ಸಿಪ್ರಿಯನಂದು ಹೇಳಿದೆ ಅಲ್ವಾ?"

"ಹೇಳಿದೆ ಅಮ್ಮ."

ಅಷ್ಟು ಸಾಕಾಯಿತು. ಅಮ್ಮ ನಿಶ್ಚಿಂತೆಯಿಂದ ಮಲಗಿದರು. ಪಕ್ಕದಲ್ಲಿ ಮಲಗಿದ ನನಗೆ ನಿದ್ದೆ ಹತ್ತಲಿಲ್ಲ.

ಎಷ್ಟು ಹೊತ್ತಾಗಿತ್ತೋ... ಚಾವಡಿಯಲ್ಲಿ ಯಾರೋ ಗುನುಗುವ ಸದ್ದು. ಹೊಳೆಯ ನೀರು ಅಂದುಕೊಂಡೆ. ಅಲ್ಲ... ಆಮ್ಚ್ಯಾ ಬಾಪಾ. ಅಣ್ಣನ ಸ್ವರ. ಊರಲ್ಲಿದ್ದಾಗ ಚಾವಡಿಯ ದೇವರ ಪೀಠದ ಮುಂದೆ ಅವನು ಹೇಳುತ್ತಿದ್ದ ಅದೇ ಧಾಟಿ, ಆದರೆ ಚಳಿಗೆ ನಡುಗಿದ ಹಾಗೆ. ಬಾಗಿಲ ಸಂದಿಯಿಂದ ಡೀಸೆಲ್ ವಾಸನೆ, ಉಪ್ಪುನೀರಿನ ವಾಸನೆ...

ಸ್ವರ ಅರ್ಧಕ್ಕೆ ನಿಂತಿತು. ಉಳಿದರ್ಧಕ್ಕೆ ಕಾಯುತ್ತಿತ್ತು.

ಹೇಳಬೇಕಾದವಳು ನಾನು. ಹೊದಿಕೆಯ ಅಂಚನ್ನು ಕಚ್ಚಿ ಉಸಿರು ಬಿಗಿಹಿಡಿದೆ. ಉತ್ತರ ಕೊಟ್ಟರೆ ಅವನು ಸತ್ತದ್ದು ನಿಜವಾಗುತ್ತದೆ ಎಂದು ಯಾಕೋ ಅನ್ನಿಸಿತು.

ಮತ್ತೆ ಮೊದಲಿನಿಂದ ಶುರುವಾಯಿತು. ಮತ್ತೆ ಅದೇ ಜಾಗದಲ್ಲಿ ನಿಂತಿತು. ಈ ಸಲ ಸ್ವರ ಕುಗ್ಗಿತ್ತು. ನಾನು ಸುಮ್ಮನಿದ್ದೆ.

ಮೂರನೆಯ ಸಲ, ಕೇಳಿಸಿತೋ ಇಲ್ಲವೋ ಎನ್ನುವಷ್ಟು ಸಣ್ಣಗೆ... ಅದು ನಿಂತದ್ದೇ, ಗಾಢ ನಿದ್ದೆಯಲ್ಲಿದ್ದ ಅಮ್ಮ ಉಳಿದರ್ಧವನ್ನು ಸ್ಪಷ್ಟವಾಗಿ ಹೇಳಿ ಮುಗಿಸಿದರು. ಆಮೆನ್ ಸಹ. ಕಣ್ಣು ಮುಚ್ಚಿಯೇ ಇತ್ತು. ಆಮೇಲೆ ಹೊಳೆಯ ಸದ್ದು ಬಿಟ್ಟರೆ ಏನೂ ಇಲ್ಲ.

ಬೆಳಿಗ್ಗೆ ಅಮ್ಮನ ಜ್ವರ ಬಿಟ್ಟಿತ್ತು. ಅವರಿಗೆ ಏನೂ ನೆನಪಿರಲಿಲ್ಲ.

ತಿಂಗಳಾದ ಮೇಲೆ ಅಣ್ಣನ ಕಾಗದ ಬಂತು. ಲಾಂಚ್ ಮುಳುಗಿತ್ತಂತೆ. ಅಣ್ಣ ರಾತ್ರಿಯಿಡೀ ಒಂದು ಹಲಗೆ ಹಿಡಿದುಕೊಂಡು ನೀರಿನಲ್ಲಿದ್ದನಂತೆ. ಮುಳುಗಿದ ತಾರೀಕು ನೋಡಿದೆ. ಅದೇ ರಾತ್ರಿ.

ಅಮ್ಮ ಕಾಗದವನ್ನು ಕಣ್ಣಿಗೊತ್ತಿಕೊಂಡು ನನ್ನ ತಲೆ ಸವರಿದರು. "ನೀನು ಅವನದ್ದು ಒಂದು ದಿನ ಬಿಡದೆ ಹೇಳಿದ್ದಕ್ಕೆ ಉಳಿದ, ಮಗಳೇ."

ನಾನು ಅಡುಗೆಮನೆಗೆ ಹೋಗಿ ಅತ್ತೆ. ನಿಜ ಹೇಳುವ ಧೈರ್ಯ ನನಗೆ ಆಗಲೂ ಬರಲಿಲ್ಲ, ಆಮೇಲೂ ಬರಲಿಲ್ಲ.

ಮುಂದಿನ ವರ್ಷ ಅಣ್ಣ ರಜೆಯಲ್ಲಿ ಬಂದ. ಮೊದಲ ಸಂಜೆಯ ತೇರ್ಸ್ ಅವನೇ ನಡೆಸಿದ. ಅಮ್ಮ ದೀಪ ಹಿಡಿದು ಒಳಗೆ ಹೋದ ಮೇಲೆ ಮೆಲ್ಲಗೆ ಹೇಳಿದ.

"ನೀರಲ್ಲಿ ಮೂರು ಸಲ ಶುರು ಮಾಡಿದೆ ಜೆಸ್ಸಿ. ಅರ್ಧಕ್ಕೇ ಉಸಿರು ಕಟ್ಟುತ್ತಿತ್ತು. ಮೂರನೇ ಸಲ ಅಮ್ಮನ ಸ್ವರ ಕೇಳಿತು. ಮತ್ತೆ ನನಗೆ ಹೆದರಿಕೆಯೇ ಆಗಲಿಲ್ಲ."

"ದೇವರು ದೊಡ್ಡವನು" ಎಂದೆ.

"ಹೌದು. ಆದರೆ ಮೊದಲ ಎರಡು ಸಲ ಬೇರೆ ಯಾರೋ ಇದ್ದರು. ಕೇಳಿಸಿಕೊಂಡು ಸುಮ್ಮನೆ ಇದ್ದರು." ಅವನು ನನ್ನ ಮುಖ ನೋಡಲಿಲ್ಲ. "ಯಾರಂತ ಗೊತ್ತುಂಟಾ ನಿನಗೆ?"

"ಇಲ್ಲ" ಎಂದೆ.

ಅಮ್ಮ ಈಗಿಲ್ಲ. ಅಣ್ಣ ಮನೆಗೆ ಬಂದ ದಿನ ತೇರ್ಸ್ ಅವನೇ ಹೇಳುವುದು. ಅರ್ಧಕ್ಕೆ ನಿಲ್ಲಿಸಿ ನನಗಾಗಿ ಕಾಯುತ್ತಾನೆ, ಎಲ್ಲರ ಮನೆಯಲ್ಲಿ ಕಾಯುವ ಹಾಗೆಯೇ. ನಾನು ಬಾಯಿ ತೆರೆಯುವ ಮೊದಲೇ ಚಾವಡಿಯಲ್ಲಿ ಡೀಸೆಲ್ ವಾಸನೆ ಬರುತ್ತದೆ... ಅವನಿಗೂ ಬರುತ್ತದೆಯೋ ಎಂದು ನಾನು ಇವತ್ತಿನವರೆಗೆ ಕೇಳಿಲ್ಲ.