ಬಾಗಿಲು ತೆಗೆದರೆ ಬೆಟ್ಟ

ಬಾಡಿಗೆ ಮನೆ ಹುಡುಕುವವರು ನೀರು ಬರುತ್ತದೆಯೇ, ಬಸ್ ಸ್ಟ್ಯಾಂಡ್ ಹತ್ತಿರವೇ, ಓನರು ಕಿರಿಕಿರಿ ಮಾಡುವವರೇ ಎಂದೆಲ್ಲ ವಿಚಾರಿಸುತ್ತಾರೆ. ನಾನು ಕೇಳುತ್ತಿದ್ದದ್ದು ಒಂದೇ: ಇಲ್ಲಿಂದ ಬೆಟ್ಟದ ಬುಡಕ್ಕೆ ನಡೆದು ಹೋಗಬಹುದೇ? ಜನ ಮೊದಲು ನನ್ನ ಮುಖ ನೋಡುತ್ತಿದ್ದರು, ಆಮೇಲೆ ನನ್ನ ಮಂಡಿ. ಅವರದೇನೂ ತಪ್ಪಿಲ್ಲ. ನಾನು ಮೈಕೈ ತುಂಬಿಕೊಂಡವಳು, ಶಾಲೆಯ ಮೆಟ್ಟಿಲು ಹತ್ತಿದರೂ ಏದುಸಿರು ಬಿಡುವವಳು. ಬೆಟ್ಟವೆಂದರೆ ದೂರದಿಂದ ಕೈಮುಗಿದು ಮುಂದೆ ಸಾಗುವುದಕ್ಕೆ ಇರುವುದು ಅಂತ ಬಹಳ ಕಾಲ ನಂಬಿದ್ದೆ. ಬೆಟ್ಟ ಬೇಕಾಗಿದ್ದದ್ದು ನನಗಲ್ಲ, ನನ್ನ ಗಂಡನಿಗೆ.

ಆಗ ನಾವು ಸಿರಾದಲ್ಲಿದ್ದೆವು. ತಾವರೆಕೆರೆ ಕಡೆಯ ಒಂದು ಸರ್ಕಾರಿ ಹೈಸ್ಕೂಲಿನಲ್ಲಿ ನಾನು ಗಣಿತ ಹೇಳಿಕೊಡುತ್ತಿದ್ದೆ. ಅವರದು ಪೇಟೆಯಲ್ಲಿ ಸಣ್ಣ ಪ್ರಿಂಟಿಂಗ್ ಪ್ರೆಸ್ಸು. ಲಗ್ನಪತ್ರಿಕೆ, ಬಿಲ್ ಬುಕ್ಕು, ಕರಪತ್ರ ಇಂಥವು. ಮೊದಲು ಫ್ಲೆಕ್ಸು ಬಂತು, ಆಮೇಲೆ ಮದುವೆಗೆ ಕರೆಯುವವರೆಲ್ಲ ಮೊಬೈಲಿನಲ್ಲೇ ಕರೆಯತೊಡಗಿದರು. ಪ್ರೆಸ್ಸು ಮುಚ್ಚಿದ್ದರಿಂದ ಮನೆಗೇನೂ ಕಷ್ಟವಾಗಲಿಲ್ಲ, ನನ್ನ ಸಂಬಳದಲ್ಲಿ ನಡೆದುಹೋಗುತ್ತಿತ್ತು. ಆದರೆ ಅದರ ಬಾಗಿಲು ಹಾಕಿ ಬಂದು ಮಲಗಿದ ಮನುಷ್ಯ ಏಳಲೇ ಇಲ್ಲ. ಗೋಡೆಯ ಕಡೆ ಮುಖ. ಊಟಕ್ಕೆ ಕರೆದರೆ "ಆಮೇಲೆ", ಸ್ನಾನಕ್ಕೆ ಎಬ್ಬಿಸಿದರೆ "ಆಮೇಲೆ". ರೇಗಾಡಿದೆ, ಗೋಗರೆದೆ, ದೇವರಿಗೆ ಹೇಳಿಕೊಂಡೆ, ದೇವರನ್ನೇ ಬೈದೆ. ಕೊನೆಗೆ ತುಮಕೂರಿಗೆ ಕರೆದುಕೊಂಡು ಹೋದೆ. ಅಲ್ಲಿನ ಡಾಕ್ಟರು, "ಇದು ಸೋಮಾರಿತನ ಅಲ್ಲಮ್ಮ, ಕಾಯಿಲೆ" ಎಂದರು. "ಮಾತ್ರೆ ಅರ್ಧ ಕೆಲಸ ಮಾಡುತ್ತೆ. ಇವರನ್ನ ಹಾಸಿಗೆಯಿಂದ ಎಬ್ಬಿಸೋ ಅಂಥದ್ದು ಏನಾದರೂ ಇದ್ದರೆ ಅದನ್ನ ಬಿಡಬೇಡಿ."

ಅದು ಏನೆಂದು ಗೊತ್ತಾದದ್ದು ಕೊರಟಗೆರೆಯಲ್ಲಿ. ನೆಂಟರ ಮನೆಯ ಗೃಹಪ್ರವೇಶಕ್ಕೆ ಹೆಚ್ಚುಕಡಿಮೆ ಎಳೆದುಕೊಂಡೇ ಹೋಗಿದ್ದೆ. ಊಟ ತಡವಾಗುತ್ತದೆ ಅಂತ ಒಂದಷ್ಟು ಜನ ಸಿದ್ದರಬೆಟ್ಟಕ್ಕೆ ಹೊರಟರು. ಇವರೂ ಸುಮ್ಮನೆ ಅವರ ಹಿಂದೆ ಹೋಗಿಬಿಟ್ಟರು, ನನಗೆ ಹೇಳಲೂ ಇಲ್ಲ. ವಾಪಸು ಬಂದಾಗ ಮುಖ ಕೆಂಪಗೆ, ಅಂಗಿ ಒದ್ದೆ. ಎರಡನೇ ಸಲ ಅನ್ನ ಹಾಕಿಸಿಕೊಂಡು ಉಂಡರು. ಬಸ್ಸಿನಲ್ಲಿ ಕೂತ ಮೇಲೆ ಗುಹೆಯೊಳಗಿನ ತಂಪು, ಟವೆಲು ಕಿತ್ತುಕೊಂಡು ಓಡಿದ ಮಂಗ, ಅದರ ಹಿಂದೆ ತಾವೂ ಓಡಿದ್ದು, ಎಲ್ಲವನ್ನೂ ಹೇಳಿದ್ದೇ ಹೇಳಿದ್ದು. ಎಷ್ಟೋ ತಿಂಗಳಿಂದ ಆ ಬಾಯಿಂದ ಅಷ್ಟು ಮಾತು ಬಂದಿರಲಿಲ್ಲ. ನಾನು ಕಿಟಕಿಯ ಕಡೆ ತಿರುಗಿ ಸೆರಗಿನಿಂದ ಕಣ್ಣು ಒರೆಸಿಕೊಂಡೆ.

ಅಲ್ಲಿಂದ ಭಾನುವಾರ ಬಂತೆಂದರೆ ಬೆಟ್ಟ. ಆದರೆ ಸಿರಾದಲ್ಲಿ ಎತ್ತರದ ಜಾಗ ಅಂದರೆ ಹೈವೇ ಸೇತುವೆ ಒಂದೇ. ಯಾವ ಬೆಟ್ಟಕ್ಕೂ ಬಸ್ಸು ಬದಲಾಯಿಸಿ ಹೋಗಬೇಕು. ಪ್ರೈವೇಟ್ ಬಸ್ಸಿನವರು ಸೀಟು ತುಂಬುವ ತನಕ ಹೊರಡುವುದಿಲ್ಲ, ಇನ್ನೇನು ಹೊರಟಿತು ಅನ್ನುವಷ್ಟರಲ್ಲಿ ಡ್ರೈವರ್ ಟೀ ಕುಡಿಯಲು ಇಳಿಯುತ್ತಾನೆ. ನಾವು ತಲುಪುವ ಹೊತ್ತಿಗೆ ಬಂಡೆ ಕಾದ ಹಂಚಾಗಿರುತ್ತಿತ್ತು. ಅದನ್ನಾದರೂ ಸಹಿಸಬಹುದಿತ್ತು. ಕಷ್ಟವೆಂದರೆ ಅವರಿಗೆ ಬೆಳಗಿನ ಹೊತ್ತೇ ಕೆಟ್ಟದ್ದು. ಒಂದು ಬಸ್ಸು ತಪ್ಪಿದರೆ ಸಾಕು, ಬೂಟು ಬಿಚ್ಚಿ ಮತ್ತೆ ಗೋಡೆಯ ಕಡೆ ತಿರುಗಿಬಿಡುತ್ತಿದ್ದರು. ಆ ವಾರ ಪೂರ್ತಿ ಹೋದ ಹಾಗೆಯೇ. ಎದ್ದ ಮನುಷ್ಯನಿಗೆ ಮನಸ್ಸು ಬದಲಾಯಿಸಲು ಪುರುಸೊತ್ತೇ ಸಿಗದಷ್ಟು ಹತ್ತಿರದಲ್ಲಿ ಬೆಟ್ಟ ಇರಬೇಕು ಅಂತ ನಾನು ತೀರ್ಮಾನಿಸಿದೆ.

ಆ ವರ್ಷ ನನಗೆ ವರ್ಗಾವಣೆಯ ಕೌನ್ಸೆಲಿಂಗ್ ಇತ್ತು. ನನ್ನ ಜೊತೆಯವರೆಲ್ಲ ಮಕ್ಕಳ ಶಾಲೆ, ತವರಿನ ದೂರ ಲೆಕ್ಕ ಹಾಕುತ್ತಿದ್ದರೆ ನಾನು ಬೆಟ್ಟಗಳ ಲೆಕ್ಕ ಹಾಕುತ್ತಿದ್ದೆ. ಕೊರಟಗೆರೆಗೆ ಹೋಗೋಣವೆಂದರೆ, ಸಿದ್ದರಬೆಟ್ಟ, ಚನ್ನರಾಯನದುರ್ಗ ಎಲ್ಲ ಇವೆ ನಿಜ, ಆದರೆ ಪೇಟೆಯಿಂದ ಮತ್ತೆ ಬಸ್ಸೋ ಆಟೋನೋ ಹಿಡಿಯಬೇಕು. ಪಾವಗಡದಲ್ಲಿ ಬೆಟ್ಟ ಊರಿನ ನೆತ್ತಿಯ ಮೇಲೇ ಕೂತಿದೆ. ಅಲ್ಲಿ ಒಂದು ಮನೆಯನ್ನೂ ನೋಡಿದೆವು. ಮನೆಯ ಯಜಮಾನರು ಒಳ್ಳೆಯವರು, ಮಜ್ಜಿಗೆ ಕೊಟ್ಟು ಕೂರಿಸಿದರು. ಬೆಟ್ಟ ಹತ್ತುವುದಕ್ಕೆ ಮನೆ ಬೇಕು ಅಂದದ್ದೇ ಗಟ್ಟಿಯಾಗಿ ನಕ್ಕುಬಿಟ್ಟರು.

"ಏಮಮ್ಮಾ, ಈ ಬಿಸ್ಲಾಗೆ ಬೆಟ್ಟ ಎಕ್ಕುತಾರಾ ಯಾರಾದ್ರೂ? ಪಿಚ್ಚಿ ಏನಾದ್ರೂ ಹಿಡದೈತಾ?"

ಪಿಚ್ಚಿ ಅಂದರೆ ತೆಲುಗಿನಲ್ಲಿ ಹುಚ್ಚು. ಆ ಹಿರಿಯರು ತಮಾಷೆಗೆ ಅಂದದ್ದು, ನನ್ನ ಗಂಡನೂ ನಕ್ಕರು. ನಾನು ಮಾತ್ರ ಮಜ್ಜಿಗೆಯ ಲೋಟ ಕೆಳಗಿಟ್ಟೆ. ಇನ್ನು ಯಾರು ಕೇಳಿದರೂ ಇವರಿಗೆ ಶುಗರ್ ಇದೆ, ಡಾಕ್ಟರು ನಡೆಯಲು ಹೇಳಿದ್ದಾರೆ ಅನ್ನುವುದು ಅಂತ ಬಸ್ಸಿನಲ್ಲೇ ಗಟ್ಟಿ ಮಾಡಿಕೊಂಡೆ. ಶುಗರ್ ಅಂದರೆ ಯಾರೂ ಮುಂದಕ್ಕೆ ಕೇಳುವುದಿಲ್ಲ. ತಮ್ಮ ಶುಗರಿನ ಕಥೆ ಶುರು ಮಾಡುತ್ತಾರೆ, ಅಷ್ಟೇ.

ಕೊನೆಗೆ ಕೈಗೆ ಹತ್ತಿದ್ದು ಮಧುಗಿರಿ. ಹತ್ತಿರದ ಹಳ್ಳಿಯೊಂದರ ಶಾಲೆಯಲ್ಲಿ ಜಾಗ ಖಾಲಿ ಇತ್ತು, ಊರಿನಲ್ಲಿ ಬೆಟ್ಟದ ಬುಡದ ಓಣಿಯೊಂದರಲ್ಲಿ ಮನೆ ಸಿಕ್ಕಿತು. ಹಿಂದಿನ ಬಾಗಿಲು ತೆಗೆದರೆ ಬೆಟ್ಟ. ಆಕಾಶದ ಅರ್ಧಭಾಗ ಅದೇ. ಅಡುಗೆಮನೆ ಇಕ್ಕಟ್ಟು, ಬಚ್ಚಲಿನ ಬಾಗಿಲು ಸರಿಯಾಗಿ ಹಾಕಿಕೊಳ್ಳುತ್ತಿರಲಿಲ್ಲ, ಆದರೂ ಬೇರೆ ಮನೆ ನೋಡಲಿಲ್ಲ. ಮುಂದಿನ ಭಾಗದಲ್ಲಿ ಮನೆಯೊಡತಿ. ಹುಣಸೆ ವ್ಯಾಪಾರದ ಗಟ್ಟಿ ಹೆಂಗಸು, ಮಾತಿಗೆ ಕೂತರೂ ಕೈ ಹುಣಸೆಹಣ್ಣಿನ ಬೀಜ ಬಿಡಿಸುತ್ತಲೇ ಇರುತ್ತಿತ್ತು. ಹಿಂದಿನ ಬಾಗಿಲಾಚೆ ಹಿತ್ತಲಿನ ಗೋಡೆ ಅಡ್ಡ, ನಾವು ಹೊರಗೆ ಹೋಗಬೇಕಾದರೆ ಆಕೆಯ ಪಡಸಾಲೆ ದಾಟಿಯೇ ಹೋಗಬೇಕು. ಮೊದಲ ದಿನವೇ ಶುಗರಿನ ಮಾತು ಹೇಳಿದೆ. "ಅಯ್ಯೋ ಪಾಪ" ಎಂದು ಆಕೆ ಹಬ್ಬಕ್ಕೆ ಮಾಡಿದ ಹೋಳಿಗೆಯನ್ನು ನನಗೊಬ್ಬಳಿಗೇ ಕೊಟ್ಟರು. ಹಿಂದಿನ ಕೋಣೆಯಲ್ಲಿ ಅದರಲ್ಲಿ ಮುಕ್ಕಾಲು ಪಾಲು ತಿಂದದ್ದು ಇವರು.

ನನ್ನ ಲೆಕ್ಕ ಸರಿಯಾಗಿಯೇ ಬಂತು. ಕಣ್ಣು ಬಿಟ್ಟರೆ ಕಿಟಕಿ ತುಂಬ ಬಂಡೆ. ಬೈದುಕೊಂಡಾದರೂ ಎದ್ದುಬಿಡುತ್ತಿದ್ದರು. ನಾನು ಚೀಲಕ್ಕೆ ನಿಂಬೆಹಣ್ಣು, ಬೆಲ್ಲ, ಉಪ್ಪು, ಒಂದು ಚಾಕು, ಮಂಡಕ್ಕಿ ತುಂಬುತ್ತಿದ್ದೆ. ಬೆಟ್ಟದ ಮೇಲೆ ಹಳೆಯ ಕೋಟೆ, ಅದರ ಕೆಳಗಿನ ಬಾಗಿಲೇ ನನ್ನ ಗಡಿ. ಅದರ ನೆರಳಿನಲ್ಲಿ ನಾನು ಕಾಲು ಚಾಚಿ ಕೂರುತ್ತಿದ್ದೆ, ಅವರು ಬಂಡೆಯಲ್ಲಿ ಕೊರೆದ ಮೆಟ್ಟಿಲು ಹಿಡಿದು ಚುಕ್ಕೆಯಷ್ಟಾಗುವ ತನಕ ಹತ್ತುತ್ತಿದ್ದರು. ಇಳಿದು ಬಂದ ಮೇಲೆ ಪಾನಕ, ಮಂಡಕ್ಕಿ. ಬರುಬರುತ್ತಾ ರಜದ ದಿನವೆಲ್ಲ ಬೆಟ್ಟ ಅಂತಾಯಿತು. ಅವರಿಗೆ ಗಡ್ಡ ಕೆರೆದುಕೊಳ್ಳಲು ಜ್ಞಾಪಕ ಬಂತು. ಒಂದು ದಿನ ನಾನು ಶಾಲೆಯಿಂದ ಬಂದಾಗ ಬಚ್ಚಲಿನ ಬಾಗಿಲು ಸರಿಯಾಗಿ ಮುಚ್ಚಿಕೊಳ್ಳುತ್ತಿತ್ತು. ಅವರೇ ರಿಪೇರಿ ಮಾಡಿದ್ದರು. ನಾನು ಒಳಗೆ ಹೋಗಿ ನಾಕು ಸಲ ತೆಗೆದು ಹಾಕಿ ಸಂತೋಷಪಟ್ಟೆ.

ಅಷ್ಟರಲ್ಲಿ ಮನೆಯೊಡತಿಯ ಮುಖ ಬದಲಾಯಿತು. ದಿನಾ ಕೊಡುತ್ತಿದ್ದ ಕರಿಬೇವು ನಿಂತಿತು. ನಾವು ಚೀಲ ಹಿಡಿದು ಪಡಸಾಲೆ ದಾಟುವಾಗ ಕಣ್ಣು ಚೀಲದ ಮೇಲೆ. ಒಂದು ಅಮಾವಾಸ್ಯೆ ಭಾನುವಾರ ನಾವು ವಾಪಸು ಬಂದಾಗ ಬಾಗಿಲಲ್ಲೇ ನಿಂತಿದ್ದರು.

"ಟೀಚರಮ್ಮ, ನೀವು ಬ್ಯಾರೆ ಮನೆ ನೋಡ್ಕಳಿ."

ಇವರು ಚೀಲ ತೆಗೆದುಕೊಂಡು ಒಳಗೆ ಹೋದರು. ಯಾಕೆ ಅಂತ ಕೇಳಿದೆ.

"ಯಾಕೆ ಅಂದ್ರೆ? ಶುಗರ್ ಅಂದ್ರಿ. ಶುಗರ್ ಇರೋರು ಬೆಲ್ಲ ಕಟ್ಕಂಡು ಹೋಗ್ತಾರಾ? ನಿಂಬೆಹಣ್ಣು, ಚಾಕು, ಮಂಡಕ್ಕಿ. ಅಮಾಸೇನೂ ಬುಡಲಿಲ್ಲ. ನೀವು ಕೆಳಗಡೆ ಕಾವಲು ಕೂತ್ಕಂತೀರಂತೆ, ಅವ್ರು ಒಬ್ರೇ ಮ್ಯಾಲಕ್ಕೆ ಹೋಗಿ ಕೋಟೆ ಸಂದಿ ಸಂದಿ ನೋಡ್ತಾರಂತೆ. ನನ್ಗೂ ಕಣ್ಣು ಕಾಣುಸ್ತವೆ ಕಣಮ್ಮ. ನೀವು ನಿಧಿ ತೆಗಿಯಕ್ಕೆ ಬಂದಿರೋರು."

ನನಗೆ ನಗು ತಡೆಯಲಾಗಲಿಲ್ಲ. ಮಂಡಿ ನೋವಿನ ಮೇಷ್ಟ್ರಮ್ಮ ಕಳ್ಳರ ಕಾವಲುಗಾತಿಯಾಗಿ ಬಡ್ತಿ ಪಡೆದಿದ್ದೆ. ಆದರೆ ಆಕೆ ನಗಲಿಲ್ಲ. ನಮ್ಮ ಕಡೆ ಕೋಟೆ ಇರುವ ಬೆಟ್ಟಗಳಲ್ಲಿ ನಿಧಿಯ ಆಸೆಗೆ ಒಡೆದ ಬಸವ, ಅಗೆದ ಗುಡಿ ನೋಡದವರು ಕಡಿಮೆ. ಹಿಂದೆ ಪಕ್ಕದ ಓಣಿಯಲ್ಲಿ ಬಾಡಿಗೆಗೆ ಇದ್ದವರು ಗಿಡಮೂಲಿಕೆ ವ್ಯಾಪಾರ ಅಂತ ಹೇಳಿಕೊಂಡು ಮಂಟಪವೊಂದರ ಬುಡ ತೋಡಿದ್ದರಂತೆ. ಅವರು ಓಡಿಹೋದರು, ಸ್ಟೇಷನ್ನಿಗೆ ಅಲೆದದ್ದು ಮನೆ ಕೊಟ್ಟ ಹೆಂಗಸು. "ಅವ್ಳು ಆವತ್ತಿಂದ ತಲೆ ಎತ್ತಿ ಓಡಾಡಲಿಲ್ಲ" ಎಂದರು ಈಕೆ. ಆ ಭಯ ನಿಜವಾದದ್ದು. ಅಂಥ ಭಯವನ್ನು ಹೊಟ್ಟೆಯಲ್ಲಿಟ್ಟುಕೊಂಡೂ ಪೊಲೀಸರಿಗೆ ಹೇಳದೆ ಮೊದಲು ನಮಗೇ ಹೇಳಿದ್ದರು.

ನಗು ಇಳಿದ ಮೇಲೆ ಉಳಿದದ್ದು ಒಂದೇ ಯೋಚನೆ. ಈ ಮನೆ ಹೋದರೆ ಆ ಕಿಟಕಿ ಹೋಗುತ್ತದೆ, ಕಿಟಕಿ ಹೋದರೆ ಮನುಷ್ಯ ಮತ್ತೆ ಗೋಡೆಗೆ ತಿರುಗುತ್ತಾನೆ. ಹರಕೆ, ಪೂಜೆ, ಏನಾದರೊಂದು ಹೇಳೋಣವೆಂದು ಬಾಯಿ ತೆರೆದೆ. ಅಷ್ಟರಲ್ಲಿ ಇವರು ಒಳಗಿಂದ ಬಂದು ಪಡಸಾಲೆಯ ನೆಲದ ಮೇಲೆ, ಹುಣಸೆಯ ರಾಶಿಯ ಪಕ್ಕದಲ್ಲಿ ಕೂತರು.

"ಅಮ್ಮ, ನಂಗೆ ಶುಗರ್ ಇಲ್ಲ. ಮನಸಿನ ಕಾಯಿಲೆ. ತುಮಕೂರಲ್ಲಿ ತೋರಿಸ್ತಿದೀವಿ, ಮಾತ್ರೆ ತಗಂತೀನಿ. ಬೆಳಿಗ್ಗೆ ಕಣ್ಣು ಬಿಟ್ರೆ ಇನ್ನು ಯಾಕಿರಬೇಕು ಅನ್ನಿಸುತ್ತೆ. ಬೆಟ್ಟ ಹತ್ತಾಗ ಮುಂದಿನ ಕಾಲು ಎಲ್ಲಿಡಬೇಕು ಅನ್ನೋದೊಂದೇ ಇರುತ್ತೆ. ಇವ್ಳು ಊರೂರು ತಿರುಗಿ ಈ ಮನೆ ಹುಡುಕಿದ್ದು ಅದಕ್ಕೇಯ. ಇಲ್ಲಿಂದ ಬಿಡಿಸಿದ್ರೆ ನಾನು ಮತ್ತೆ ಮಲಿಕ್ಕಂಬುಡ್ತೀನಿ ಕಣಮ್ಮ."

ಯಾಕಿರಬೇಕು ಅನ್ನಿಸುತ್ತದೆ ಎಂಬ ಮಾತನ್ನು ನನ್ನ ಹತ್ತಿರ ಯಾವತ್ತೂ ಆಡಿರಲಿಲ್ಲ. ಇಷ್ಟು ದಿನ ಪಕ್ಕದಲ್ಲೇ ಮಲಗಿದ್ದ ನನಗೆ ಹೇಳದ್ದನ್ನು ಮನೆ ಬಿಡಿ ಅಂದ ಹೆಂಗಸಿಗೆ ಹೇಳಿದರು. ನನಗೆ ಸಿಟ್ಟೂ ಬಂತು, ಕೊನೆಗೂ ಬಾಯಿ ಬಿಟ್ಟರಲ್ಲ ಅಂತ ಎದೆ ಹಗುರವೂ ಆಯಿತು. ಗೋಡೆಗೆ ಒರಗಿ ನಿಂತೆ.

ಆಕೆ ಬಾಗಿಲು ಬಿಟ್ಟು ಬಂದು ಇವರ ಎದುರಿಗೆ ಕೂತರು. ಆಮೇಲೆ ಬೈಗುಳ ಬಿದ್ದದ್ದು ನನಗೆ.

"ಇಂಗಂತ ಒಂದು ಮಾತು ಹೇಳಕ್ಕೆ ಏನಾಗಿತ್ತು ನಿಮ್ಗೆ? ಹೋಳಿಗೇನೂ ಕೊಡದಂಗೆ ಮಾಡ್ಬುಟ್ರಲ್ಲ ಆ ಮನುಷ್ಯಂಗೆ!" ಇವರ ಕಡೆ ತಿರುಗಿದಾಗ ದನಿ ಇಳಿದಿತ್ತು. "ಇರಪ್ಪ, ಎಲ್ಲಿಗೂ ಹೋಗ್ಬ್ಯಾಡ. ಆದ್ರೆ ಮ್ಯಾಲಕ್ಕೆ ಹೋಗಾಗ ನನ್ಗೆ ಹೇಳಿ ಹೋಗ್ಬೇಕು. ಇಳಿದು ಬಂದ್ಮ್ಯಾಲೆ ಬಂದೆ ಅಂತ ಕೂಗ್ಬೇಕು. ಕೂಗ್ಲಿಲ್ಲ ಅಂದ್ರೆ ನಾನೇ ಹತ್ಕಂಡು ಬತ್ತೀನಿ, ನೋಡು."

ಅಂದಿನಿಂದ ಅದೇ ಪದ್ಧತಿ. "ಹೋಗ್ಬತ್ತೀನಿ ಕಣಮ್ಮ." "ಬಂದೆ ಕಣಮ್ಮ." ಅಂಗಡಿಯಿಂದ ಬೆಂಕಿಪೊಟ್ಟಣ ತಂದರೂ ಬಂದೆ ಕಣಮ್ಮ ಅನ್ನುವಷ್ಟು ರೂಢಿಯಾಯಿತು.

ಹೋದ ಬೇಸಿಗೆಯಲ್ಲಿ ನನ್ನನ್ನು ಒಂದು ಭಾನುವಾರ ತುಮಕೂರಿಗೆ ಟ್ರೈನಿಂಗಿಗೆ ಹಾಕಿದರು. ಇವರು ನಾನೊಬ್ಬನೇ ಹೋಗುತ್ತೇನೆ ಎಂದರು. ಬೇಡ ಅನ್ನಬೇಕೆನಿಸಿತು. ಆ ಬಂಡೆಯ ಕಡಿದಾದ ಜಾಗ ನಾನು ಕೆಳಗಿನಿಂದ ನೋಡಿದ್ದೇನೆ, ಅವರ ಬಾಯಿಂದ ಬಂದ ಮಾತನ್ನು ಕೇಳಿದ್ದೇನೆ. ಬೇಡ ಅಂದರೆ ನಂಬಿಕೆ ಇಲ್ಲ ಅಂದ ಹಾಗೆ. ಹುಷಾರು ಅಂತ ಮಾತ್ರ ಅಂದು ಬಸ್ಸು ಹತ್ತಿದೆ. ಟ್ರೈನಿಂಗಿನಲ್ಲಿ ಏನು ಹೇಳಿದರೋ ದೇವರಿಗೇ ಗೊತ್ತು. ಹೊತ್ತು ನೆತ್ತಿಗೆ ಬಂತು, ಅವರ ಫೋನು ರಿಂಗಾಗಿ ರಿಂಗಾಗಿ ನಿಂತಿತು. ನಾನು ಚೀಲ ಎತ್ತಿಕೊಂಡು ಬಾಗಿಲ ತನಕ ಬಂದಿದ್ದೆ, ಆಗ ನನಗೆ ಫೋನು ಬಂತು. ಮನೆಯೊಡತಿ. ನಾನು ಹಲೋ ಅನ್ನಲೂ ಬಿಡಲಿಲ್ಲ.

"ಟೀಚರಮ್ಮ, ಬಂದವ್ರೆ. ಫೋನು ಮನೇಲೇ ಬುಟ್ಟು ಹೋಗಿದ್ರಂತೆ, ನಿಮ್ಮ ರಿಂಗು ನನ್ಗೂ ಕೇಳುಸ್ತಿತ್ತು, ಎತ್ತಕ್ಕೆ ಬೀಗ ಹಾಕಿತ್ತು. ಮೆಟ್ಲು ಮ್ಯಾಗೆ ಕಣ್ಣಿಟ್ಕಂಡು ಓಣಿ ಬಾಯಾಗೇ ನಿಂತಿದ್ದೆ ಕಣಮ್ಮ. ಈಗ ಉಣ್ಣಕ್ಕೆ ಕೂರ್ಸಿದೀನಿ."

ಉಸಿರಿಗೆ ಆಕೆಯ ಮಾತು ತುಂಡು ತುಂಡಾಗುತ್ತಿತ್ತು. ಇಷ್ಟು ವರ್ಷ ಆ ಮನುಷ್ಯನಿಗಾಗಿ ಕಾಯುವವಳು ನಾನೊಬ್ಬಳೇ ಅಂದುಕೊಂಡಿದ್ದೆ. ಅಲ್ಲೇ, ಅಷ್ಟು ಜನ ಮೇಷ್ಟರುಗಳ ಎದುರಿಗೆ, ಬಾಗಿಲ ಚೌಕಟ್ಟು ಹಿಡಿದುಕೊಂಡು ಗಟ್ಟಿಯಾಗಿ ಅತ್ತುಬಿಟ್ಟೆ.